ಅಕ್ಕ ಕೂರಿಸಿದ ಮೆಮರಿ

ಸಿಂಧನೂರಿನ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಏನು ಕೇಳಿದರೂ, “ನನಗೇನ್ ತಿಳೀತದ್ರಿ?” ಅನ್ನುತ್ತಿದ್ದರು. ಆದರೆ ಇಂಜಿನಿಯರಾಗಿದ್ದ ಅವರ ಯಜಮಾನರು ಕೆಲಸಕ್ಕೆ ಹೋದ ಮೇಲೆ, ಪುಸ್ತಕ ತೆರೆದಿಟ್ಟುಕೊಂಡು ಮನೆಯ ಹಳೆಯ ಕಂಪ್ಯೂಟರಿನಲ್ಲಿ ಒಬ್ಬರೇ ಕಲಿಯುತ್ತಿದ್ದರು.

ತೊಂಬತ್ತರ ದಶಕದ ಮಾತು. ಕಂಪ್ಯೂಟರ್ ತೀರಾ ನಿಧಾನವಾಯಿತೆಂದು ಯಜಮಾನರು ಅದರೊಳಗೆ ಕೂರಿಸಲು ಇನ್ನೊಂದು ಮೆಮರಿ ಪಟ್ಟಿ ತಂದರು. ಎಷ್ಟು ಒತ್ತಿದರೂ ಅದು ಸರಿಯಾಗಿ ಕೂರಲಿಲ್ಲ. ಸಿಟ್ಟಿನಿಂದ ಹಾಗೇ ಬಿಟ್ಟು ಆಫೀಸಿಗೆ ಹೋದರು. ಮಧ್ಯಾಹ್ನ ನಾನು ಬ್ಯಾಟರಿಯ ಬೆಳಕು ಹಿಡಿದೆ. ಅಕ್ಕ ಪಟ್ಟಿಯನ್ನು ಓರೆಯಾಗಿ ಇಟ್ಟು, ಮೆಲ್ಲಗೆ ನೆಟ್ಟಗೆ ಮಾಡಿದರು. ಟಕ್ ಎಂದಿತು. ಯಂತ್ರ ಶುರುವಾದಾಗ ಪರದೆಯ ಮೇಲೆ ಮೆಮರಿಯ ಅಂಕಿ ಮೊದಲಿನ ಎರಡರಷ್ಟಿತ್ತು. ಅಕ್ಕ ನನ್ನ ಭುಜ ಹಿಡಿದುಕೊಂಡು ನಕ್ಕರು.

ಸಂಜೆ ಕಂಪ್ಯೂಟರ್ ಚುರುಕಾದದ್ದನ್ನು ಕಂಡ ಯಜಮಾನರು ತಮ್ಮ ಕೈಗುಣವೇ ಫಲಿಸಿತೆಂದು ತಿಳಿದು, ಬಂದವರ ಮುಂದೆ “ನಾನೇ ಹಾಕೀನ್ರಿ” ಎಂದು ಬೀಗಿದರು. ಅಕ್ಕ ಚಹಾ ಕೊಟ್ಟು ಒಳಗೆ ಹೋದರು.

“ಯಾಕ್ರೀ ಅಕ್ಕಾ, ಸುಮ್ಮನಿದ್ರಿ?” ಅಡುಗೆಮನೆಯಲ್ಲಿ ಕೇಳಿದೆ.

“ಗೊತ್ತಾದ್ರ ಕಂಪ್ಯೂಟರ್ ಇರೋ ಖೋಲಿಗೆ ಕೀಲಿ ಹಾಕ್ತಾರವ್ವಾ.”

ಎಂಟು ದಿನಕ್ಕೆ ಕೀಲಿ ಬಿತ್ತು. ಅಕ್ಕನನ್ನು ಹೊಗಳುವ ಭರದಲ್ಲಿ ಯಜಮಾನರ ಮುಂದೆ ಎಲ್ಲ ಹೇಳಿಬಿಟ್ಟವಳು ನಾನೇ.