ಪಲ್ಟನ್ನಿನ ಕಾಗದದಲ್ಲಿ ನನ್ನ ಹೆಂಡತಿ

ನನ್ನ ಮೊಮ್ಮಗಳಿಗೆ ಈಗ ಏಳು ತಿಂಗಳು. ಮಗಳ ಮಗಳು. ಮಗಳಿಗೆ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ ಮಗು. ಕೆಳಗೆ ಎರಡು ಹಲ್ಲು ಬಂದಿವೆ. ನನ್ನ ಮೀಸೆ ಹಿಡಿದರೆ ಬಿಡುವುದಿಲ್ಲ. ನಾನು ಬರೆಯಲು ಕುಳಿತಿದ್ದು ಸೈನ್ಯದಲ್ಲಿ ನಾನಿದ್ದ ಪಲ್ಟನ್ನಿನ ಕಾಗದ ತಿದ್ದಿಸಿದ ವಿಷಯ, ಆದರೆ ಇವಳ ಸುದ್ದಿ ಹೇಳದೆ ಶುರು ಮಾಡಲು ನನ್ನ ಕೈ ಒಪ್ಪಲಿಲ್ಲ. ನಾನು ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವುದನ್ನು ಸೈನ್ಯದಲ್ಲಿ ಕಲಿತೆ. ಮಾತು ಹಿಂದೆ ಮುಂದೆ ಆದರೆ ಓದುವವರೇ ಸರಿಮಾಡಿಕೊಳ್ಳಬೇಕು. ಇದರಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಹೆಸರಿನಿಂದ ಪಟ್ಟ ಪಾಡು ಸಾಕಾಗಿದೆ.

ಪೆನ್ಶನ್ ತೆಗೆದುಕೊಳ್ಳುವವರು ವರ್ಷಕ್ಕೊಂದು ಸಲ, ನವೆಂಬರಿನಲ್ಲಿ, ಇನ್ನೂ ಬದುಕಿದ್ದೇವೆ ಎಂದು ತೋರಿಸಿ ಬರಬೇಕು. ಹೋದ ನವೆಂಬರಿನಲ್ಲಿ ಆ ಕೆಲಸಕ್ಕೆ ಮಲ್ಲಿಪಟ್ಟಣದಿಂದ ಹಾಸನಕ್ಕೆ ಹೊರಟಾಗ ಹೆಂಡತಿಯೂ ಜೊತೆಗೆ ಬಂದಳು. ಮಗಳು ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಹುಟ್ಟುವ ಮಗುವಿಗೆ ಟೋಪಿ, ಸ್ವೆಟರು ಕೊಳ್ಳಬೇಕೆಂದು ಇವಳ ಆಸೆ. ಹಾಸನದ ಕಚೇರಿಯಲ್ಲಿದ್ದ ಗುಮಾಸ್ತರು ತಾವೂ ಸೈನ್ಯದಲ್ಲಿದ್ದು ಬಂದವರೇ. ಬಂದಿದ್ದೀರಲ್ಲ ಎಂದು ಹೆಂಡತಿಯ ಆಧಾರ್ ಕಾರ್ಡನ್ನೂ ಕೇಳಿದರು. ಕಾರ್ಡು ನೋಡಿದರು, ನನ್ನ ಪೆನ್ಶನ್ ಆರ್ಡರ್ ನೋಡಿದರು, ಮತ್ತೆ ಕಾರ್ಡು ನೋಡಿದರು.

"ಸಾಹೇಬ್ರೆ, ಈ ಕಾರ್ಡಲ್ಲಿ ಹೆಸರಿರೋರು ಯಾರು?"

"ನನ್ನೆಂಡ್ತಿ ಸಾ."

"ಅಂಗಾರೆ ಪೆನ್ಶನ್ ಆರ್ಡರಲ್ಲಿ ಹೆಸರಿರೋರು?"

"ಅವ್ಳೂ ನನ್ನೆಂಡ್ತಿನೇ."

ಅವರು ಪೆನ್ನು ಕೆಳಗಿಟ್ಟರು. ಹಿಂದೆ ನಿಂತಿದ್ದ ನಾಲ್ಕು ಜನ ಮಾಜಿ ಸೈನಿಕರು ಗೊಳ್ಳೆಂದು ನಕ್ಕರು. ನನ್ನ ಹೆಂಡತಿ ಸೆರಗು ಬಿಗಿದುಕೊಂಡು ಮುಂದೆ ಬಂದಳು.

"ಏಳಿ ಏಳಿ, ನಂಗೂ ಗೊತ್ತಾಗ್ಲಿ. ಮೂವತ್ತೆಂಟು ವರ್ಸದಿಂದ ಮುದ್ದೆ ತಿರುವ್ದೋಳು ನಾನು. ಕಾಗ್ದದಲ್ಲಿ ಕುಂತಿರೋಳು ಯಾವೋಳು?"

ಆರ್ಡರಿಗೆ ಅಂಟಿಸಿದ್ದ ಜೋಡಿ ಫೋಟೋವನ್ನು ಗುಮಾಸ್ತರು ಅವಳ ಮುಂದೆ ಹಿಡಿದರು. "ಇದು ನೀವೇನಾ ಅಮ್ಮ?"

"ನಾನೇ ಕಣಪ್ಪ. ಆಗ ತಲೇಲಿ ಕೂದ್ಲಿತ್ತು."

ಗುಮಾಸ್ತರೂ ನಕ್ಕರು, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ಸಾಹೇಬ್ರೆ, ಇದು ನಗೋ ಮಾತಲ್ಲ. ನಾಳೆ ನೀವಿಲ್ಲ ಅಂತ ಇಟ್ಕಳಿ. ಅಮ್ಮ ನಿಮ್ಮ ಪೆನ್ಶನ್ ಕೇಳೋಕೆ ಇಲ್ಲಿಗೆ ಬಂದು ನಾನೇ ಅವ್ರ ಹೆಂಡ್ತಿ ಅಂತಾರೆ. ಕಾಗದ ಅಲ್ಲ ಅನ್ನುತ್ತೆ. ನೀವಿರುವಾಗ್ಲೇ ಸರಿ ಮಾಡಿಸ್ಬಿಡಿ."

ಟೋಪಿ, ಸ್ವೆಟರು ಕೊಂಡೆವು. ಅರಕಲಗೂಡಿನಲ್ಲಿ ಬಸ್ಸಿನಿಂದ ಇಳಿಯುವಾಗ ಅವಳು ಅಂದಳು: "ನೀವು ಗಡೀಲಿದ್ರಿ. ನಿಮ್ಮವ್ವನ್ನ, ವಲಾನ, ಮಗೀನ ನಾನೊಬ್ಳೇ ನೋಡ್ಕಂಡೆ. ನಾನು ನಿಮ್ಮೋಳು ಅಂತ ಸರ್ಕಾರ ಬರ್ಕಂಡಿರಾದು ಒಂದೇ ಜಾಗ್ದಲ್ಲಿ. ಅಲ್ಲೂ ನಾನಿಲ್ವಲ್ರೀ."

ತಪ್ಪು ನನ್ನದೇ ಆದರೂ ಮಾಡುವಾಗ ಅದು ತಪ್ಪೆಂದು ಅನ್ನಿಸಿರಲಿಲ್ಲ.

ಆಗಿದ್ದು ಇಷ್ಟು. ನನ್ನ ಹೆಂಡತಿಯದು ಹೊಳೆನರಸೀಪುರದ ಕಡೆಯ ಊರು. ಅವಳಿಗೂ ನನ್ನ ಅಮ್ಮನಿಗೂ ಹೆಸರು ಒಂದೇ. ನಮ್ಮಲ್ಲಿ ಹೆತ್ತವರ ಹೆಸರನ್ನು ಮಕ್ಕಳು ಕೂಗುವುದಿಲ್ಲ. ಹೀಗಿರುವಾಗ ಅಮ್ಮನ ಹೆಸರು ಹಿಡಿದು ಹೆಂಡತಿಯನ್ನು ಕರೆಯುವುದು ಹೇಗೆ, ಸಿಟ್ಟು ಬಂದಾಗ ಬೈಯುವುದು ಹೇಗೆ? ಮದುವೆಯ ದಿನ ಹೆಣ್ಣು ಹೊಸ್ತಿಲು ದಾಟಿ ಒಳಗೆ ಬಂದ ಕೂಡಲೇ ನನ್ನ ಅಕ್ಕ ಅವಳಿಗೆ ಬೇರೊಂದು ಹೆಸರಿಟ್ಟಳು. ಅವತ್ತಿನಿಂದ ಮನೆ, ಕೇರಿ, ಊರು ಎಲ್ಲ ಅದೇ ಹೆಸರು ಹಿಡಿದವು. ನಾನು ರಜೆ ಮುಗಿಸಿ ಪಲ್ಟನ್ನಿಗೆ ಹಿಂದಿರುಗಿದೆ. ಮದುವೆಯಾಗಿದೆ ಎಂದು ಬರೆಸಬೇಕಿತ್ತು. ಅಲ್ಲಿಯ ಗುಮಾಸ್ತ ಉತ್ತರದವನು, ಫಾರಂ ಹಿಡಿದು ಒಂದೊಂದಾಗಿ ಕೇಳುತ್ತಾ ಹೋದ. ತಾಯಿಯ ಹೆಸರು ಕೇಳಿದ, ಹೇಳಿದೆ. ಹೆಂಡತಿಯ ಹೆಸರು ಕೇಳಿದ. ಈಗ ತಾನೇ ಅಮ್ಮನದು ಎಂದು ಹೇಳಿದ ಹೆಸರನ್ನೇ ಮತ್ತೆ ಹೇಳಲು ನಾಲಿಗೆ ಏಳಲಿಲ್ಲ. ಅಕ್ಕ ಇಟ್ಟ ಹೆಸರನ್ನು ಹೇಳಿದೆ. ಅದೇ ಸೈನ್ಯ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿಗೆ ಬಂತು, ಪೆನ್ಶನ್ ಆರ್ಡರಿಗೂ ಬಂತು. ಆಧಾರ್ ಮಾಡಿಸುವಾಗ ಮಾತ್ರ ಅವಳು ಶಾಲೆಯ ಸರ್ಟಿಫಿಕೇಟ್ ಕೊಟ್ಟಿದ್ದಳು. ಅದರಲ್ಲಿದ್ದುದು ಹುಟ್ಟಿದ ಹೆಸರು.

ಅರಕಲಗೂಡಿನ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆ. ಎರಡು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟೆ. ಅರ್ಜಿ ಪಲ್ಟನ್ನಿನ ದಾಖಲೆ ಆಫೀಸಿಗೆ ಹೋಯಿತು. ಅಷ್ಟರಲ್ಲಿ ನನ್ನ ಬಂಗಾರ ಹುಟ್ಟಿದಳು. ಆಸ್ಪತ್ರೆಯಲ್ಲಿ ಅವಳನ್ನು ಬಂದೂಕು ಹಿಡಿದ ನನ್ನ ಕೈಗೆ ಕೊಟ್ಟರು. ಆ ಎರಡು ತಿಂಗಳು ಕಾಗದದ ನೆನಪೇ ಇರಲಿಲ್ಲ.

ಆಮೇಲೆ ಅರ್ಜಿ ವಾಪಸ್ ಬಂತು. ಜೊತೆಗೆ ಒಂದು ಪತ್ರ. ಎಷ್ಟು ಸಲ ಕೂಡಿಸಿ ಓದಿದರೂ ಅರ್ಥವಾಗಲಿಲ್ಲ. ಹಾಸನಕ್ಕೆ ಹೋದೆ. ಗುಮಾಸ್ತರು ಓದಿ ಹಣೆ ಒತ್ತಿಕೊಂಡರು.

"ಸಾಹೇಬ್ರೆ, ಹೆಂಡತಿ ಹೆಸರಿನ ಜಾಗದಲ್ಲಿ ನಿಮ್ಮ ತಾಯಿ ಹೆಸರು ಹಾಕಿ ಅಂತ ಕೇಳಿದ್ದೀರಂತೆ. ಇದು ಹೇಗೆ ಅಂತ ಕೇಳ್ತಾವ್ರೆ."

ನನಗೆ ನಾನೇ ಏನು ಕೇಳಿದ್ದೆನೆಂದು ಅನುಮಾನ ಬಂತು. ಮನೆಗೆ ಬಂದು ಎಲ್ಲ ಕಾಗದವನ್ನೂ ನೆಲದ ಮೇಲೆ ಹರಡಿದೆ. ಒಂದರಲ್ಲಿ ಹೆಂಡತಿ ಹೆಂಡತಿಯಲ್ಲ, ಇನ್ನೊಂದರಲ್ಲಿ ಅಮ್ಮನೇ ಹೆಂಡತಿ. ಪಕ್ಕದಲ್ಲಿ ಮಲಗಿಸಿದ್ದ ಮೊಮ್ಮಗಳು ಒಂದು ನಕಲಿನ ಮೇಲೆ ಉಚ್ಚೆ ಹೊಯ್ದಳು. ಮಗಳು ಓಡಿಬಂದು, "ಅಪ್ಪಾಜಿ, ಒಳಗೆ ಮಡಗ್ಬಾರ್ದಾ!" ಎಂದು ಗದರಿದಳು. ನಾನು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಆ ನಕಲನ್ನೇ ಪಲ್ಟನ್ನಿಗೆ ಕಳಿಸೋಣ ಎನ್ನಿಸಿತು.

ಅಮ್ಮ ಬೇರೆ, ಹೆಂಡತಿ ಬೇರೆ ಎಂದು ತೋರಿಸಬೇಕಿತ್ತು. ಅಮ್ಮ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಗಿದೆ. ಅವಳ ಮರಣ ಪತ್ರ, ಇಬ್ಬರನ್ನೂ ಬಲ್ಲ ಹಿರಿಯರೊಬ್ಬರ ಪ್ರಮಾಣ, ಇವೆರಡನ್ನೂ ಕಳಿಸಿ ಎಂದರು ಗುಮಾಸ್ತರು. ಮೊಸಳೆ ಎಂಬ ಊರಿನ ಹತ್ತಿರದ ಹಳ್ಳಿಯಲ್ಲಿರುವ ಅಕ್ಕನನ್ನು ಕರೆಸಿಕೊಂಡೆ. ಮೂವರೂ ಅರಕಲಗೂಡಿನ ನೋಟರಿ ಮುಂದೆ ಕುಳಿತೆವು. ಮರಣ ಪತ್ರ ಹೆಂಡತಿಯ ಕೈಯಲ್ಲಿತ್ತು. ಅವಳು ನಾಲ್ಕನೇ ಕ್ಲಾಸು ಓದಿದವಳು, ಕನ್ನಡ ಚೆನ್ನಾಗಿ ಓದುತ್ತಾಳೆ. ಅದನ್ನೇ ದಿಟ್ಟಿಸಿ, "ನಾನ್ ಸತ್ತಿರೋ ಕಾಗ್ದ ನಾನೇ ಇಡ್ಕಂಡು ಕುಂತಿವ್ನಿ ನೋಡಕ್ಕ," ಎಂದಳು.

ನೋಟರಿ ಎರಡೂ ಕಾಗದ ನೋಡಿ ನನ್ನ ಕಡೆ ತಿರುಗಿದರು. "ತೀರಿಕೊಂಡೋರು ನಿಮ್ಮ ಹೆಂಡತಿನಾ?"

ಗಾಬರಿಯಲ್ಲಿ ನಾನು "ಹೌದು ಸಾ" ಎಂದುಬಿಟ್ಟೆ.

"ಥೂ ನಿನ್ನ!" ಅಕ್ಕ ನನ್ನ ಬೆನ್ನಿಗೊಂದು ಗುದ್ದಿದಳು. "ಸಾ, ಇವ್ನ ಮಾತ್ ಬರ್ಕಬ್ಯಾಡಿ. ಸತ್ತೋಳು ನಮ್ಮವ್ವ. ಇಲ್ಲಿ ಕುಂತವ್ಳಲ್ಲ, ಇವ್ಳು ನನ್ ತಮ್ಮನೆಂಡ್ತಿ. ಇಬ್ರಿಗೂ ಒಂದೇ ಎಸ್ರು. ಅವ್ವನೆಸ್ರು ಹಿಡಿದು ಬೈಯಕಾಯ್ತದಾ? ಅದ್ಕೇ ನಾನೇ ಇವ್ಳಿಗೆ ಬ್ಯಾರೆ ಎಸ್ರಿಕ್ದೆ. ತಪ್ಪೇನಿದ್ರೂ ನಂದು, ಬರ್ಕಳಿ."

ನೋಟರಿ ಅವಳ ಮಾತನ್ನೇ ನೇರ ಮಾಡಿ ಟೈಪ್ ಮಾಡಿಸಿದರು. ಅಕ್ಕ ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದ ಮೇಲೆ ಬೆರಳಿನ ಮಸಿ ಒರೆಸಿಕೊಳ್ಳುತ್ತಾ ಹೆಂಡತಿಗೆ ಅಂದಳು, "ಆಗ ನಿನ್ನ ಒಂದ್ ಮಾತು ಕೇಳ್ಬೇಕಿತ್ತು ಕಣವ್ವ. ಬಂದ ಗಳ್ಗೇಲೇ ನಿನ್ನೆಸ್ರು ಕಿತ್ಕಂಬುಟ್ಟೆ."

"ಬುಡಕ್ಕ, ಆಗ ನಂಗೂ ಖುಸಿಯಾಗಿತ್ತು. ಅತ್ತೆ ಎಸ್ರು ಹೊತ್ಕಂಡು ಓಡಾಡೋದು ತಪ್ತು ಅಂತ."

ಅಷ್ಟು ವರ್ಷದಲ್ಲಿ ಅವಳು ಇದನ್ನು ನನಗೆ ಹೇಳಿರಲಿಲ್ಲ. ಆಗ ಖುಷಿಯಾಗಿತ್ತೆಂದ ಮೇಲೆ ಬಸ್ಸಿನಲ್ಲಿ ನೊಂದಿದ್ದು ಏಕೆ? ಎರಡೂ ನಿಜವಿರಬಹುದು. ನನಗೆ ಸರಿಯಾಗಿ ತಿಳಿಯಲಿಲ್ಲ.

ಮೊಮ್ಮಗಳ ನಾಮಕರಣ ಚನ್ನರಾಯಪಟ್ಟಣದ ಬೀಗರ ಮನೆಯಲ್ಲಿ ಆಯಿತು. ಮೂರಕ್ಷರದ ಹೊಸ ಹೆಸರು. ಕೇಳಲು ಚೆಂದ, ಆದರೆ ಅಕ್ಕನ ಬಾಯಲ್ಲಿ ಹೊರಳುವುದಿಲ್ಲ. ತೊಟ್ಟಿಲ ಹತ್ತಿರವೇ ಅವಳು ಚಿಕ್ಕವ್ವ ಎಂದು ಕರೆಯತೊಡಗಿದಳು. ನನ್ನ ಹೆಂಡತಿ ನನ್ನ ಕಿವಿಯಲ್ಲಿ, "ಇವ್ಳಿಗೂ ಈಗ್ಲೇ ಒಂದ್ ಅಫಿಡವಿಟ್ ಮಾಡ್ಸಿ ಮಡಗ್ಬುಡಿ," ಎಂದಳು.

ಹೋದ ವಾರ ಅಂಚೆಯಲ್ಲಿ ತಿದ್ದಿದ ಆರ್ಡರ್ ಬಂತು. ಮಗಳು, ಮೊಮ್ಮಗಳು ಇಲ್ಲೇ ಇದ್ದರು. ಹೆಂಡತಿ ಅವರೆಕಾಳು ಆರಿಸುತ್ತಿದ್ದವಳು ಮೊರ ಪಕ್ಕಕ್ಕಿಟ್ಟು ಬಂದು ಕುಳಿತಳು. "ಓದಿ. ನಂಗೆ ಇಂಗ್ಲೀಸ್ ಬರಾಕಿಲ್ಲ."

ಸಂಖ್ಯೆ ಓದಿದೆ, ನನ್ನ ಹೆಸರು ಓದಿದೆ. ಹೆಂಡತಿ ಎಂದಿದ್ದ ಕಡೆ ಬಂದು ನಿಂತೆ.

"ಓದಿ. ಅದ್ನ ಕೇಳಾಕೇ ಅಲ್ವಾ ನಾನ್ ಕುಂತಿರಾದು?"

ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅವಳ ಹೆಸರು ನನ್ನ ಬಾಯಿಂದ ಬಂತು. ಅವಳು "ಆಂ?" ಎಂದಳು. ಕರೆದದ್ದಕ್ಕೆ ಓಗೊಟ್ಟ ಹಾಗೆ. ಮಗಳು ಮುಖ ತಿರುಗಿಸಿಕೊಂಡಳು. ನನಗೆ ಅಮ್ಮನನ್ನು ಕರೆದೆನೋ ಇವಳನ್ನು ಕರೆದೆನೋ ಗೊತ್ತಾಗದೆ ಮೊಮ್ಮಗಳನ್ನು ಎತ್ತಿಕೊಂಡು ಮುದ್ದಾಡತೊಡಗಿದೆ.

ಮಧ್ಯಾಹ್ನ ನೀರು ಬೇಕಾಗಿ, ರೂಢಿಯಂತೆ ಮನೆಯ ಹೆಸರಿನಿಂದ ಕೂಗಿದೆ. ಉತ್ತರವಿಲ್ಲ. ಇನ್ನೊಂದು ಸಲ ಕೂಗಿದೆ.

ಅಡುಗೆಮನೆಯಿಂದ ದನಿ ಬಂತು. "ಆ ಎಸ್ರಿನೋಳ್ನ ಪಲ್ಟನ್ನೋರು ತೆಗ್ದಾಕವ್ರೆ. ಯಾರ್ನ ಕರೀತಿದೀರಿ?"

ಎದ್ದು, ಅಮ್ಮನ ಫೋಟೋ ಇರುವ ಗೋಡೆಗೆ ಬೆನ್ನು ಮಾಡಿ ನಿಂತು, ಸಣ್ಣ ದನಿಯಲ್ಲಿ ಅವಳ ಹೆಸರು ಹಿಡಿದು ಕರೆದೆ.