ವಿಲಾಸಿನಿ ಚೇಚಿಯ ಜೀಪಿನ ಚಕ್ರಗಳು

ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ಇಡ್ಲಿ ಹಿಟ್ಟು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿದಿತ್ತು, ಒರೆಸಿದೆ. ಬ್ಯಾಂಕಿಗೆ ಉಡುವ ಎರಡು ಕಾಟನ್ ಸೀರೆಗಳಿಗೆ ಗಂಜಿ ಹಾಕಿ ಹೊರಗೆ ಹರವಿದೆ. ಕೊಚ್ಚಿಯ ಬಿಸಿಲನ್ನು ನಂಬುವಂತಿಲ್ಲ ಅನ್ನಿಸಿ ಮತ್ತೆ ಒಳಗೆ ತಂದೆ. ಕರಿಬೇವಿನ ಗಿಡಕ್ಕೆ ಅಕ್ಕಿ ತೊಳೆದ ನೀರು ಸುರಿದೆ. ನಮ್ಮವರ ಅಂಗಿಗೆ ಗುಂಡಿ ಹೊಲಿದೆ. ಇಬ್ಬರೂ ವೈಟ್ಟಿಲಕ್ಕೆ ಹೋಗಿ ಬಂದೆವು. ಊಟಕ್ಕೆ ಮೊದಲು, ಬಾಲ್ಕನಿಯ ನೆಲಕ್ಕೆ ಅಂಟಿಕೊಂಡಿರುವ ಹಸಿರು ಬಣ್ಣದ ಉಂಗುರವೊಂದನ್ನು ತೆಗೆಯೋಣವೆಂದು ಥಿನ್ನರ್ ಬಾಟಲಿಯ ಮುಚ್ಚಳ ಬಿಚ್ಚಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ಅಲ್ಲೇ ನಿಂತಿತು.

ಆ ಉಂಗುರ ಒಂದು ಜೀಪಿನ ಚಕ್ರದ್ದು. ಹೋದ ತಿಂಗಳು ನಮ್ಮವರು ಇಲ್ಲೇ ಕೂತು ಚಕ್ರಗಳಿಗೆ ಬಣ್ಣ ಬಳಿದರು. ಕೆಳಗೆ ಹಾಸಲು ನಾನು ಕೊಟ್ಟ ಹಳೆಯ ಪೇಪರು ಸಾಲದೆ ಹೋಯಿತು. ಇವರು ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯಲ್ಲಿ ಕೆಲಸ ಮಾಡುವವರು. ನನ್ನನ್ನು ಬ್ಯಾಂಕಿನವರು ಕೊಚ್ಚಿಯ ಪಾಲಾರಿವಟ್ಟಂ ಶಾಖೆಗೆ ಹಾಕಿದಂದಿನಿಂದ ನಮ್ಮದು ಶನಿವಾರ ರೈಲು ಹತ್ತಿ ಸೋಮವಾರ ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ಇಳಿಯುವ ಸಂಸಾರ. ಅದಕ್ಕೂ ಮೊದಲು ನಾವಿಬ್ಬರೂ ತಿರುವನಂತಪುರದಲ್ಲೇ ಇದ್ದೆವು, ವಿಲಾಸಿನಿ ಚೇಚಿಯ ಮನೆಯ ಮಹಡಿಯಲ್ಲಿ; ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ. ಮೈಸೂರಿನಿಂದ ಬಂದ ಹೊಸದರಲ್ಲಿ ನನಗೆ ಮಲಯಾಳ ಕಲಿಸಿದ್ದು, ಮೀನು ತಿನ್ನದವರಿಗೂ ಮೀನಿಗೆ ಹಾಕುವ ಕೊಡಂಪುಳಿ ಹುಳಿ ಹಾಕಿ ಸಾರು ಮಾಡಬಹುದೆಂದು ತೋರಿಸಿಕೊಟ್ಟದ್ದು ಆಕೆಯೇ. ಆಕೆ ಆಡಿದ್ದೆಲ್ಲ ಮಲಯಾಳವೇ. ಆದರೆ ಈಗ ನೆನೆಸಿಕೊಂಡರೆ ನನ್ನ ಕಿವಿಗೆ ಕನ್ನಡದಲ್ಲೇ ಕೇಳುತ್ತದೆ, ಏನು ಮಾಡಲಿ.

ಜೀಪು ಆಕೆಯ ಗಂಡನದು. ಅವರು ಗುಡ್ಡದ ಮೇಲಿನ ಟೀ ತೋಟವೊಂದರ ಮ್ಯಾನೇಜರಾಗಿದ್ದವರು. ನಾವು ಮನೆ ಹಿಡಿಯುವ ಹೊತ್ತಿಗೆ ಅವರು ಹೋಗಿ ಎಷ್ಟೋ ಕಾಲವಾಗಿತ್ತು. ಜೀಪು ಹಲಸಿನ ಮರದ ಕೆಳಗೆ ಕಲ್ಲುಗಳ ಮೇಲೆ ನಿಂತಿತ್ತು. ಒಂದು ದಿನ ಚೇಚಿ ನಮ್ಮವರನ್ನು ಕರೆದು, ದಿನಾ ಇದನ್ನೇ ನೋಡಿಕೊಂಡು ಮೆಟ್ಟಿಲು ಹತ್ತುತ್ತೀರಲ್ಲ, ತಗೊಳ್ಳಿ, ಸರಿ ಮಾಡಿ ಓಡಿಸಿ ಎಂದರು. ಒಂದೇ ಷರತ್ತು: ಮೊದಲ ಸಲ ಹೊರಟಾಗ ಮುಂದಿನ ಸೀಟು ತನಗೆ.

ಈ ಷರತ್ತಿಗೊಂದು ಕತೆಯಿತ್ತು. ಗಂಡ ಬದುಕಿರುವಷ್ಟು ಕಾಲವೂ ಆ ಸೀಟಿನಲ್ಲಿ ಕೂತದ್ದು ಗಂಡನ ಅಕ್ಕ. ಮದುವೆಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಅಕ್ಕ ಮುಂದೆ. ಚೇಚಿ ಹಿಂದೆ, ಗೊಬ್ಬರದ ಮೂಟೆಗಳ ಜೊತೆ. “ಮದುವೆಯಾಗಿ ಆ ಮನೆಗೆ ಹೋದದ್ದೂ ಮೂಟೆಗೆ ಒರಗಿಕೊಂಡೇ, ಮೋಳೆ. ಇಳಿದಾಗ ರೇಷ್ಮೆ ಸೀರೆ ತುಂಬ ಬೇವಿನ ಹಿಂಡಿ ವಾಸನೆ” ಎಂದು ಆಕೆ ನಗುತ್ತಿದ್ದರು. ಮೋಳೆ ಎಂದರೆ ಮಗಳೇ. ಆ ಅಕ್ಕ ಇದ್ದದ್ದು ಅದೇ ರಸ್ತೆಯ ಕೊನೆಯಲ್ಲಿ. ಹಗಲೆಲ್ಲ ಜಗಲಿಯ ಕುರ್ಚಿಯಲ್ಲಿ ಕೂತು ರಸ್ತೆ ನೋಡುವುದು ಅವರ ಕೆಲಸ. ಚೇಚಿಯ ಆಸೆ ಇಷ್ಟೆ: ಮುಂದಿನ ಸೀಟಿನಲ್ಲಿ ಕೂತು ಆ ಜಗಲಿಯ ಮುಂದೆ ಹಾಯುವಾಗ ಒಂದು ಹಾರ್ನ್, ಆಮೇಲೆ ಸೀದಾ ಪೊನ್ಮುಡಿ ಬೆಟ್ಟ.

ಎಂಜಿನ್ನು ಅಷ್ಟು ತೊಂದರೆ ಕೊಡಲಿಲ್ಲ. ಕಾಡಿದ್ದು ಚಕ್ರಗಳು. ಇದ್ದ ಐದರಲ್ಲಿ ಎರಡು ಹಲಸಿನೆಲೆಯ ತೇವಕ್ಕೆ ತಿಂದುಹೋಗಿದ್ದವು, ಒಂದರಲ್ಲಿ ಚೇಚಿ ಕಸ ಸುಡುತ್ತಿದ್ದರು. ಮಾರುಕಟ್ಟೆಯಲ್ಲಿ ಮಿರಿಮಿರಿ ಹೊಳೆಯುವ ಅಲಾಯ್ ಚಕ್ರಗಳು ಬೇಕಾದಷ್ಟಿದ್ದವು. ನಮ್ಮವರು ಅತ್ತ ತಿರುಗಿಯೂ ನೋಡಲಿಲ್ಲ. ಕಲ್ಲಿಗೆ ಬಡಿದರೆ ಅಲಾಯ್ ಸೀಳುತ್ತದೆ, ಉಕ್ಕು ಬಾಗುತ್ತದೆ, ಬಾಗಿದ್ದನ್ನು ಬಡಿದು ನೇರ ಮಾಡಬಹುದು ಎಂಬುದು ಅವರ ವಾದ. ಉಕ್ಕಿನದಾದರೂ, ಇಲ್ಲಿಯ ವರ್ಕ್‌ಶಾಪಿನವರು ಡಿಸ್ಕ್ ಎನ್ನುವ ಆ ಚಕ್ರ, ಹದಿನಾರು ಇಂಚಿನದೇ ಆಗಬೇಕು, ಮೊದಲಿದ್ದಷ್ಟೇ ಕಿರಿದಾಗಿರಬೇಕು. ನಟ್ಟಿನ ಐದು ತೂತುಗಳು ಸರಿಯಾಗಿ ಕೂರಬೇಕು. ನಡುವಿನ ಕಂಡಿ ಅಚ್ಚಿನ ತುದಿಯ ಹಬ್ಬಿನ ಮೇಲೆ ಬಿಗಿಯಾಗಿ ಇಳಿಯಬೇಕು. ಚಕ್ರ ತೀರ ಒಳಗೂ ಹೋಗಬಾರದು, ಹೊರಗೂ ಚಾಚಬಾರದು. ಸುತ್ತಿಗೆಯಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಬರಬೇಕು. ದಡ್ ಎಂದರೆ ಒಳಗೆ ತುಕ್ಕು. ನನ್ನ ಸೀರೆಗೆ ಹೊಂದುವ ಬ್ಲೌಸ್ ಪೀಸ್ ಆರಿಸುವಾಗ ಅಂಗಡಿಯ ಹೊರಗೆ ನಿಂತು ಫೋನ್ ನೋಡುವ ಮನುಷ್ಯ ಗುಜರಿ ಅಂಗಡಿಗಳಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಡಿಸ್ಕಿಗೆ ಕಿವಿ ಕೊಡುತ್ತಿದ್ದರು. ನಾನು ಪಕ್ಕದಲ್ಲಿ ಕೊಡೆ ಹಿಡಿದು ನಿಂತಿರುತ್ತಿದ್ದೆ. ಹಾಗೆ ನಿಂತು ನಿಂತು ನನಗೂ ಒಂದಿಷ್ಟು ಬಂದಿದೆ: ಹಳೆಯ ಜೀಪಿನ ಎಡಗಡೆಯ ನಟ್ಟುಗಳು ಉಲ್ಟಾ ತಿರುಗುತ್ತವೆ. ಇದರಿಂದ ಬ್ಯಾಂಕಿನಲ್ಲಿ ಈವರೆಗೆ ಏನೂ ಪ್ರಯೋಜನವಾಗಿಲ್ಲ.

ಒಮ್ಮೆ ಮೆಕ್ಯಾನಿಕ್ ಎಲ್ಲಿಂದಲೋ ಅಗಲದ ಡಿಸ್ಕುಗಳನ್ನು ತಂದು ಹಾಕಿಯೇಬಿಟ್ಟ. ನೋಡಲು ಜೋರಾಗಿದ್ದವು. ಭಾನುವಾರ ಹೊರಡುವುದೆಂದಾಯಿತು. ಚೇಚಿ ಕಸವಿನಂಚಿನ, ಅಂದರೆ ಚಿನ್ನದ ಜರಿಯಂಚಿನ, ಮುಂಡು ಉಟ್ಟು, ಕೂದಲಿಗೆ ತುಳಸಿ ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ಬಂದು ನಿಂತರು. ನಮ್ಮವರು ಜೀಪನ್ನು ಗೇಟಿನತ್ತ ತಿರುಗಿಸಿದಾಗ ಕೆಳಗಿನಿಂದ ಕರಕರ ಸದ್ದು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟಯರು ಸ್ಪ್ರಿಂಗಿನ ಪಟ್ಟಿಗೆ ಉಜ್ಜುತ್ತಿತ್ತು. ಅವರು ಇಳಿದು, ಬಗ್ಗಿ ನೋಡಿ, ಆಗುವುದಿಲ್ಲ ಚೇಚಿ, ಪೊನ್ಮುಡಿ ದಾರಿಯಲ್ಲಿ ಬರೀ ತಿರುವು ಎಂದರು.

“ಪೊನ್ಮುಡಿ ಬೇಡ ಸಾರ್” ಎಂದರು ಚೇಚಿ. “ಅಕ್ಕನ ಮನೆ ತನಕ ಸಾಕು. ಆ ರಸ್ತೆ ನೆಟ್ಟಗಿದೆ.”

“ಸರಿಯಾದ ಚಕ್ರ ಸಿಗಲಿ ಚೇಚಿ. ಒಂದೇ ತಿಂಗಳು.”

ಇವರ ಆಫೀಸಿನಲ್ಲಿ ಒಂದೊಂದು ಬೋಲ್ಟಿಗೂ ಯಾರಾದರೂ ಸಹಿ ಹಾಕದೆ ಏನೂ ಮೇಲಕ್ಕೆ ಹಾರುವುದಿಲ್ಲ. ಚೇಚಿ ಅದನ್ನೇ ಹಿಡಿದುಕೊಂಡು, ಇದು ಹಾರುವುದಲ್ಲ ಸಾರ್, ನೆಲದ ಮೇಲೆ ಉರುಳುವುದು ಎಂದು ಚುಚ್ಚಿದರು. ಆದರೂ ಒಳಗೆ ಹೋಗಿ ಸೀರೆಪೆಟ್ಟಿಗೆಯಲ್ಲಿ ಮುಂಡನ್ನು ಮಡಿಸಿಟ್ಟರು. ನಮ್ಮವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕಷ್ಟ ಇರುವುದೇ ಅಲ್ಲಿ. ಅವರು ತಪ್ಪಾಗಿದ್ದರೆ ನಾನಾದರೂ ಜಗಳವಾಡುತ್ತಿದ್ದೆ. ಆ ದಿನ ಜಗಲಿಯಲ್ಲಿ ಅಕ್ಕ ಇದ್ದರು. ಸೊಪ್ಪು ತರಲು ಹೋದಾಗ ನಾನೇ ಅವರನ್ನು ಕಂಡೆ, ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು.

ತಿಂಗಳು ವರ್ಷವಾಯಿತು, ವರ್ಷಗಳಾದವು. ಒಂದು ಕಡೆ ಸಿಕ್ಕಿದ್ದು ಎರಡೇ ಚಕ್ರ, ಇನ್ನೊಂದು ಕಡೆ ನಾಲ್ಕಿದ್ದರೂ ತಿರುಗಿಸಿದರೆ ಓಲಾಡಿದವು. ನನಗೆ ವರ್ಗವಾಯಿತು. ಚೇಚಿಯ ಮಂಡಿ ನೋವು ಹೆಚ್ಚಿ ಮಗ ಕೊಚ್ಚಿಯ ವೈಟ್ಟಿಲದ ತನ್ನ ಫ್ಲಾಟಿಗೆ ಕರೆತಂದ. ಜೀಪು ನಮ್ಮವರ ಕ್ವಾರ್ಟರ್ಸಿಗೆ ಹೋಯಿತು. ಕಳೆದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡರು. ಆಮೇಲೆ, ಬೇಕೆಂದೇ ಹಾಗೆ ಮಾಡಿದಂತೆ, ಇಲ್ಲೇ ಆಲುವದ ಹತ್ತಿರ ಒಂದು ಗುಜರಿಯಲ್ಲಿ ಐದಕ್ಕೆ ಐದೂ ಸಿಕ್ಕವು. ಹದಿನಾರು ಇಂಚು, ಕಿರಿದು, ತಟ್ಟಿದರೆ ಗಂಟೆಯ ನಾದ. ನಮ್ಮವರು ಗುಜರಿಯಲ್ಲೇ ನಿಂತು ಫೋನಿನಲ್ಲಿ ನನಗೆ ಆ ನಾದ ಕೇಳಿಸಿದರು.

ನಿನ್ನೆ ಅವರು ಜೀಪನ್ನು ತಿರುವನಂತಪುರದಿಂದ ಓಡಿಸಿಕೊಂಡೇ ಬಂದರು. ಪೊನ್ಮುಡಿ ಇಲ್ಲಿಂದ ದೂರವಾದ್ದರಿಂದ ಚೇಚಿಯನ್ನು ಫೋರ್ಟ್ ಕೊಚ್ಚಿಯ ಕಡಲ ತನಕ ಕರೆದೊಯ್ಯುವುದೆಂದು ಫೋನಿನಲ್ಲೇ ತೀರ್ಮಾನವಾಗಿತ್ತು. ಇಂದು ಬೆಳಿಗ್ಗೆ ನಾವು ಹೋದಾಗ ಆಕೆ ಅದೇ ಕಸವಿನ ಮುಂಡು ಉಟ್ಟು, ಕೈಯಲ್ಲೊಂದು ಬಟ್ಟೆಚೀಲ ಹಿಡಿದು, ಊರುಗೋಲು ಊರಿಕೊಂಡು ಲಿಫ್ಟಿನಿಂದ ಹೊರಗೆ ಬಂದರು. ಜೀಪಿನ ಸುತ್ತ ಒಂದು ಸುತ್ತು ಹಾಕಿದರು. ಕೋಲಿನ ತುದಿಯಿಂದ ಒಂದು ಚಕ್ರವನ್ನು ತಟ್ಟಿ, ನಮ್ಮವರ ಹಾಗೆಯೇ ತಲೆ ವಾರೆ ಮಾಡಿ ಆಲಿಸಿದರು. “ಚೆನ್ನಾಗಿದೆ ಸಾರ್” ಎಂದರು.

ಇಬ್ಬರೂ ಸೇರಿ ಅವರನ್ನು ಮುಂದಿನ ಸೀಟಿಗೆ ಹತ್ತಿಸಿದೆವು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಎದುರಿನ ಗಾಜನ್ನು ಸೆರಗಿನಿಂದ ಸ್ವಲ್ಪ ಒರೆಸಿದರು. ನಮ್ಮವರು ಕೀಲಿಗೆ ಕೈ ಹಾಕಿದಾಗ, ಬೇಡ ಎಂದು ಚೇಚಿ ಅವರ ಕೈ ಹಿಡಿದರು.

“ಒಂದೇ ಸುತ್ತು ಚೇಚಿ” ಎಂದರು ನಮ್ಮವರು.

“ಅಕ್ಕ ಇಲ್ಲವಲ್ಲ” ಎಂದರು ಆಕೆ, ನನ್ನ ಕಡೆ ತಿರುಗಿ. “ಅವಳು ನೋಡಲಿ ಅಂತ ತಾನೇ ಮೋಳೆ ನಾನು ಕೂರಬೇಕಿದ್ದದ್ದು. ಈಗ ಯಾರಿಗೆ ತೋರಿಸಲಿ, ವೈಟ್ಟಿಲದ ಟ್ರಾಫಿಕ್ಕಿಗಾ?”

ನಕ್ಕರು, ನಾವೂ ನಕ್ಕೆವು. ಸ್ವಲ್ಪ ಹೊತ್ತು ಹಾಗೇ ಕೂತಿದ್ದರು. ಪಾರ್ಕಿಂಗಿನ ಕಂಬಗಳ ಆಚೆ ಬಸ್ಸುಗಳ ಸದ್ದು ಕೇಳುತ್ತಿತ್ತು. ನಮ್ಮವರ ಕೈ ಸ್ಟೇರಿಂಗಿನ ಮೇಲೆಯೇ ಇತ್ತು. ಆಮೇಲೆ ಚೇಚಿ ಸಾಕು ಎಂದು ಕೋಲು ಕೇಳಿದರು. ಇಳಿಸಿದೆವು. ಬಟ್ಟೆಚೀಲವನ್ನು ನನ್ನ ಕೈಗಿತ್ತು, ಬಿಸಿ ಆರುವ ಮುಂಚೆ ತಿನ್ನಿ ಎಂದು ಹೇಳಿ ಲಿಫ್ಟಿನತ್ತ ನಡೆದರು.

ಹೊರಡುವಾಗ ನಾನು ಹಿಂದೆ ಹತ್ತಿ ಕೂತೆ. ಯಾಕೆ ಹಿಂದೆ ಎಂದು ನಮ್ಮವರು ಕೇಳಿದರು. ಸುಮ್ಮನೆ, ಗಾಳಿ ಬರುತ್ತೆ ಎಂದೆ. ಪಾಲಾರಿವಟ್ಟಂ ತಲುಪುವವರೆಗೂ ಆ ಸೀಟು ಖಾಲಿಯೇ ಇತ್ತು. ನಮ್ಮವರು ಸಿಗ್ನಲ್ ಸಿಗ್ನಲಿನಲ್ಲೂ ಅತ್ತ ನೋಡುತ್ತಿದ್ದರು. ಚಕ್ರಗಳು ಒಂದಿಷ್ಟೂ ಸದ್ದು ಮಾಡಲಿಲ್ಲ.

ಥಿನ್ನರ್ ಬಾಟಲಿಗೆ ಮತ್ತೆ ಮುಚ್ಚಳ ಹಾಕಿ, ಕೈ ತೊಳೆದು ಒಳಗೆ ಬಂದೆ. ನೆಲದ ಉಂಗುರ ಅಲ್ಲೇ ಇದೆ. ಇರಲಿ, ಅದರ ಮೇಲೆ ಕರಿಬೇವಿನ ಕುಂಡ ಸರಿಯಾಗಿ ಕೂರುತ್ತದೆ. ಚೇಚಿಯ ಚೀಲ ಬಿಚ್ಚಿದರೆ ಬಾಡಿಸಿದ ಬಾಳೆಲೆಯಲ್ಲಿ ಕಟ್ಟಿದ ಅನ್ನದ ಪೊಟ್ಟಣಗಳು: ಕುಸುಬಲಕ್ಕಿ ಅನ್ನ, ತೆಂಗಿನಕಾಯಿ ಚಟ್ನಿ, ಹಲಸಂದೆ ಪಲ್ಯ, ಮಾವಿನ ಉಪ್ಪಿನಕಾಯಿ. ಮೂರು ಪೊಟ್ಟಣ ಇದ್ದವು. ಒಂದೊಂದು ತಿಂದೆವು. ಮೂರನೆಯದನ್ನು ನಾನು ಮುಚ್ಚಿಡಲು ಹೋದಾಗ, ನಮ್ಮವರು ಕೊಡು ಎಂದು ಇಸಿದುಕೊಂಡು, ನಡುವೆ ಗೆರೆ ಎಳೆದಂತೆ ಸರಿಸಮ ಎರಡು ಪಾಲು ಮಾಡಿದರು; ಅದನ್ನೂ ಮುಗಿಸಿದೆವು. ಆಮೇಲೆ ಫ್ಯಾನಿನ ಕೆಳಗೆ ಚಾಪೆ ಹಾಸಿ ಮಲಗಿದೆವು. ಅವರಿಗೆ ಮಲಗಿದ ಕೂಡಲೇ ನಿದ್ದೆ ಬರುತ್ತದೆ, ಯಾವಾಗಲೂ. ಇಂದು ಮೊದಲು ನಿದ್ದೆ ಹೋದವಳು ನಾನು.