ಸಡಿಲಾದ ದಾರ

ಉಷಾ ಹುಟ್ಟಿ ಬೆಳೆದದ್ದು ಉಡುಪಿಯಲ್ಲಿ. ಮನೆಯಲ್ಲಿ ಮೀನಿಲ್ಲದ ದಿನ ಕಡಿಮೆ. ಆದರೆ ಹಿಡಿಯುವವರು ಬೇರೆ, ಮಾರುವವರು ಬೇರೆ. ಅವರ ಮನೆಯವರದು ತಿನ್ನುವ ಕೆಲಸ ಮಾತ್ರ. ಬುಟ್ಟಿ ಹೊತ್ತು ಬರುವ ಹೆಂಗಸಿನ ಎದುರು ಕುಕ್ಕರಗಾಲಲ್ಲಿ ಕೂತು, ಬಂಗುಡೆಯ ಕಿವಿರು ಎತ್ತಿ, ಒಳಗಿನ ಕೆಂಪು ನೋಡಿ ಆರಿಸುವುದನ್ನು ಅವಳು ತಾಯಿಯಿಂದ ಕಲಿತಿದ್ದಳು. ಗಾಳ ಹಾಕುವುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ. ಅದನ್ನು ಕಲಿತದ್ದು ಐವತ್ತು ದಾಟಿದ ಮೇಲೆ, ಟೆಕ್ಸಸ್‌ನ ಮರ್ಫಿ ಎಂಬ ಊರಿನ ಹತ್ತಿರದ ಲವಾನ್ ಕೆರೆಯಲ್ಲಿ, ಜನವರಿಯ ಚಳಿಯಲ್ಲಿ. ಅದೂ ಹುಟ್ಟಿದಾಗಿನಿಂದ ಮೀನು ಬಾಯಿಗಿಡದ ಒಬ್ಬ ವಿಜಯಪುರದ ಹಿರಿಯರಿಂದ.

ಅದಕ್ಕೆ ಮೊದಲು ಅವಳು ಹ್ಯೂಸ್ಟನ್‌ನಲ್ಲಿ ಹಲ್ಲಿನ ಡಾಕ್ಟರ್ ಆಗಿದ್ದಳು. ಎನರ್ಜಿ ಕಾರಿಡಾರ್ ಎಂಬ ಬಡಾವಣೆಯಲ್ಲಿ ಅವಳದೇ ಕ್ಲಿನಿಕ್. ಸುತ್ತಮುತ್ತಲಿನ ಎಣ್ಣೆ ಕಂಪನಿಗಳವರು ಊಟದ ಬಿಡುವಿನಲ್ಲಿ ಬಂದು, ಬಾಯಿ ತೆರೆದು ಕೂತು, ಅರ್ಧ ಮುಖ ಮರಗಟ್ಟಿಸಿಕೊಂಡೇ ಮತ್ತೆ ಮೀಟಿಂಗಿಗೆ ಓಡುತ್ತಿದ್ದರು. ಉಷಾಳ ಕೈ ಹಗುರ ಎಂದು ಹೆಸರಿತ್ತು. ಕೊಕ್ಕೆಯಂಥ ಸಣ್ಣ ಸೂಜಿ ಹಲ್ಲಿನ ಮೇಲೆ ಹಾಯುವಾಗ ಎಲ್ಲಿ ನುಣುಪು, ಎಲ್ಲಿ ಹುಳುಕು ಶುರುವಾಗಿದೆ ಎಂದು ಎಕ್ಸ್‌ರೇಗಿಂತ ಮೊದಲೇ ಅವಳ ಬೆರಳಿಗೆ ತಿಳಿಯುತ್ತಿತ್ತು.

ಆಮೇಲೆ ಕರುಳಿನ ಕ್ಯಾನ್ಸರ್ ಬಂತು. ಚಿಕಿತ್ಸೆ ಆಯಿತು, ರೋಗ ಹೋಯಿತು. ಔಷಧ ಹೋಗುವಾಗ ಬೆರಳ ತುದಿಗಳ ಅರಿವನ್ನೂ ಒಯ್ದಿತು. ಬರುತ್ತದೆ, ಕಾಯಿರಿ ಅಂದರು ಡಾಕ್ಟರು. ಕಾದಳು. ಸ್ವಲ್ಪ ಬಂತು, ಬಹುಪಾಲು ಬರಲಿಲ್ಲ. ಬ್ಲೌಸಿನ ಹುಕ್ಕು ಹಾಕಲು ಕನ್ನಡಿ ಬೇಕಾಯಿತು. ಒಂದು ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಿ, ಕಲಿಯುವವರಿಗೆಂದು ಇಟ್ಟಿದ್ದ ಪ್ಲಾಸ್ಟಿಕ್ ದವಡೆಯ ಮೇಲೆ ಕಣ್ಣು ಮುಚ್ಚಿ ಸೂಜಿ ಆಡಿಸಿ ನೋಡಿದಳು. ಯಾವುದು ಹಲ್ಲು, ಯಾವುದು ವಸಡು ಎಂಬುದೂ ತಿಳಿಯಲಿಲ್ಲ. ಒಂದು ಬಾಯಿಗೂ ಕೈ ಹಾಕದೆ ಕ್ಲಿನಿಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟಳು. ಗಂಡ ಶ್ರೀಕರ್‌ಗೆ ಡಲ್ಲಾಸ್ ಕಡೆ ಕೆಲಸ ಸಿಕ್ಕಿತು. ಮಗಳು ಸಾನ್ವಿ ಆಸ್ಟಿನ್‌ನಲ್ಲಿ ಓದುತ್ತಿದ್ದಳು. ಡಲ್ಲಾಸ್‌ನಿಂದ ಅವಳಿದ್ದಲ್ಲಿಗೂ ಅಂಥ ದೂರವಿಲ್ಲ. ಗಂಡ ಹೆಂಡತಿ ಇಬ್ಬರೂ ಮರ್ಫಿಗೆ ಶಿಫ್ಟ್ ಆದರು.

ಮರ್ಫಿ ಸದ್ದಿಲ್ಲದ ಊರು. ಶ್ರೀಕರ್ ಆಫೀಸಿಗೆ ಹೋದ ಮೇಲೆ ಉಷಾಗೆ ಫ್ರಿಜ್ಜಿನ ಸದ್ದೊಂದೇ ಜೊತೆ. ಅಡುಗೆ ಮಾಡುತ್ತಿದ್ದಳು, ಆದರೆ ಮೀನು ತರುವುದನ್ನು ನಿಲ್ಲಿಸಿದ್ದಳು. ಮುಳ್ಳು ತೆಗೆಯಲು ಬೆರಳು ಬೇಕಲ್ಲ.

ಸಂಕ್ರಾಂತಿಗೆ ಕನ್ನಡದವರೆಲ್ಲ ಸೇರಿದ್ದಾಗ ಸಿದ್ರಾಮಪ್ಪ ಸಿಕ್ಕಿದರು. ಎಪ್ಪತ್ತು ದಾಟಿದವರು. ಡಲ್ಲಾಸ್ ಪಕ್ಕದ ಯೂಲೆಸ್ ಎಂಬ ಊರಿನಲ್ಲಿದ್ದುಕೊಂಡು ಕುಡಿಯುವ ನೀರಿನ ಶುದ್ಧೀಕರಣ ಘಟಕದಲ್ಲಿ ಬಹಳ ವರ್ಷ ಎಂಜಿನಿಯರ್ ಆಗಿದ್ದು, ನಿವೃತ್ತಿಯಾದ ಮೇಲೆ ಮರ್ಫಿಗೆ ಬಂದಿದ್ದರು. ಎಳ್ಳುಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತ, ಶನಿವಾರ ಲೇಕಿಗೆ ಮೀನು ಹಿಡಿಯಲು ಹೋಗುತ್ತೇನೆ, ಬರ್ತೀರೇನು ಎಂದು ಶ್ರೀಕರ್‌ನನ್ನು ಕೇಳಿದರು. ಶ್ರೀಕರ್ ಮೈಸೂರಿನವನು, ಬೇಡ ಎನ್ನಲು ಬಾರದ ಮನುಷ್ಯ. ಹೂಂ ಎಂದ. ಶನಿವಾರ ಬೆಳಿಗ್ಗೆ ಅವನಿಗೆ ಆಫೀಸಿನ ಕಾಲ್ ಬಂತು. ಸಿದ್ರಾಮಪ್ಪ ಆಗಲೇ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ್ದಾರೆ. ಮುಂದಿನ ಸೀಟಿನಲ್ಲಿ ಅವರ ಹೆಂಡತಿ ಗುರವ್ವನೂ ಇದ್ದಾರೆ. ಉಷಾ ಕೋಟು ಹಾಕಿಕೊಂಡು ತಾನೇ ಹೊರಟಳು.

ದಾರಿಯಲ್ಲಿ ಆ ಮನೆಯ ವ್ಯವಹಾರ ತಿಳಿಯಿತು. ಅವರು ಲಿಂಗಾಯತರು. ಸಿದ್ರಾಮಪ್ಪ ಹಿಡಿದ ಪ್ರತಿ ಮೀನನ್ನೂ ನೀರಿಗೇ ಬಿಡುತ್ತಿದ್ದರು. ಗಾಳದ ಹಿಮ್ಮುಳ್ಳನ್ನು ಅರದಿಂದ ಉಜ್ಜಿ ತೆಗೆದಿದ್ದರು. ಜೀವಂತ ಕಿರುಮೀನನ್ನು ಎರೆಯಾಗಿ ಚುಚ್ಚುವುದು ಅವರಿಂದ ಆಗದು. ಅದಕ್ಕೆ ಸಣ್ಣ ಸೀಸದ ಗುಂಡಿಗೆ ಮೆತ್ತನೆಯ ರಬ್ಬರ್ ಬಾಲ ಸಿಕ್ಕಿಸಿದ ಜಿಗ್ ಬಳಸುತ್ತಿದ್ದರು. ಗಾಳ, ಕೋಲು ಎಲ್ಲ ಗ್ಯಾರೇಜಿನಲ್ಲೇ ಇರಬೇಕು. ಮನೆಗೆ ಬಂದ ಕೂಡಲೇ ಸ್ನಾನ ಮಾಡಬೇಕು. ಇದು ಗುರವ್ವನ ಕಾನೂನು. ಇಷ್ಟಾದರೂ ಅವರಿಗೆ ಸಮಾಧಾನವಿರಲಿಲ್ಲ. "ತಿನ್ನಂಗಿಲ್ಲ ಅಂದಮ್ಯಾಲ ಅದರ ಬಾಯಿಗೆ ಯಾಕ ಚುಚ್ಚಬೇಕು, ನೀವ ಹೇಳ್ರಿ ಡಾಕ್ಟರ್ರ," ಎಂದು ಉಷಾಳನ್ನು ಕೇಳಿದರು. ಸಿದ್ರಾಮಪ್ಪ ಕೆರೆಯ ರಸ್ತೆಗೆ ಕಾರು ತಿರುಗಿಸಿದರು.

ಕೆರೆಯ ಮೇಲೆ ಬಡಗಣ ಗಾಳಿ ಬೀಸಿ ನಿಂತಿತ್ತು. ಬಿಸಿಲಿದ್ದರೂ ಕಾವಿಲ್ಲ. ದಂಡೆಯುದ್ದಕ್ಕೂ ಪಿಕಪ್ ಟ್ರಕ್ಕಿನಲ್ಲಿ ಬಂದವರು ದೊಡ್ಡ ದೊಡ್ಡ ಹೊಳೆಯುವ ಗಾಳಗಳನ್ನು ದೂರಕ್ಕೆ ಎಸೆದು ಸರಸರ ಎಳೆದುಕೊಳ್ಳುತ್ತಿದ್ದರು. ಯಾರಿಗೂ ಏನೂ ಸಿಗುತ್ತಿರಲಿಲ್ಲ. ಸಿದ್ರಾಮಪ್ಪ ನೀರಿನೊಳಕ್ಕೆ ಚಾಚಿದ ಕಟ್ಟೆಯ ತುದಿಗೆ ಹೋಗಿ, ಮುಳುಗಿದ ಮರದ ಬೊಡ್ಡೆಗಳಿದ್ದ ಕಡೆ, ಜಿಗ್ಗನ್ನು ನೆಟ್ಟಗೆ ಕೆಳಗೆ ಇಳಿಬಿಟ್ಟು ಸುಮ್ಮನೆ ನಿಂತರು.

"ಬ್ಯಾಸಗ್ಯಾಗ ಇವರು ಮಾಡೋದು ಖರೇ ಐತ್ರಿ," ಎಂದರು. "ಈಗ ಹಂಗ ನಡೆಯಂಗಿಲ್ಲ. ನಮ್ಮ ಮೈಯಾಗ ಬೆಂಕಿ ಐತಿ, ಮೀನಿಗೆ ಅದಿಲ್ಲ. ನೀರು ಎಷ್ಟು ಥಂಡಿನೋ ಅದರ ಮೈನೂ ಅಷ್ಟ ಥಂಡಿ. ಉಂಡದ್ದು ಕರಗಾಕ ದಿನಗಟ್ಟಲೆ ಬೇಕು. ಹಂಗಂತ ಉಪವಾಸ ಇರಂಗಿಲ್ಲ. ಅದಕ್ಕ ಓಡಾಡೋ ಹುರುಪಿರಂಗಿಲ್ಲ, ಅಷ್ಟ. ಮೂಗಿನ ಮುಂದ ಸಣ್ಣ ತುತ್ತು ಬಂದು ನಿಂತ್ರ ಬಾಯಿ ತೆಗೀತದ. ಹಿಡಿಸಲಿಲ್ಲಂದ್ರ ಉಗುಳ್ತದ."

ಅವರು ಹುಡುಕುತ್ತಿದ್ದದ್ದು ಕ್ರ್ಯಾಪಿ ಎಂಬ ಅಂಗೈ ಅಗಲದ, ಕಪ್ಪು ಚುಕ್ಕೆಯ ಮೀನು. ಚಳಿಗಾಲದಲ್ಲಿ ಅವು ಆಳಕ್ಕಿಳಿದು ಬೊಡ್ಡೆಗಳ ನಡುವೆ ಗುಂಪಾಗಿ ತೂಗಾಡುತ್ತ ಇರುತ್ತವಂತೆ. ಎರಡು ದಿನ ಸತತ ಬಿಸಿಲು ಬಿದ್ದರೆ ಮಧ್ಯಾಹ್ನದ ಹೊತ್ತಿಗೆ ಕಲ್ಲುದಂಡೆಯ ನೀರು ಒಂದಿಷ್ಟು ಬೆಚ್ಚಗಾಗುತ್ತದೆ, ಆಗ ಅಲ್ಲಿಗೂ ಏರಿ ಬರುತ್ತವಂತೆ. ಹಾಗಾಗಿ ನಸುಕಿಗೇ ಎದ್ದು ಬರುವುದು ದಂಡ ಎಂದರು. ಎಷ್ಟೋ ವರ್ಷ ಇಂಥ ಕೆರೆಗಳ ನೀರಿನ ಉಷ್ಣತೆ ಅಳೆದವರು. ಹೇಳುವಾಗ ಮನೆಮಂದಿಯ ವಿಷಯ ಹೇಳಿದಂತಿತ್ತು.

ಉಷಾಳ ಕೈಗೂ ಒಂದು ಕೋಲು ಕೊಟ್ಟು, ದಾರವನ್ನು ತೋರುಬೆರಳ ಮೇಲೆ ಹಾಯಿಸಿ ಹಿಡಿಯಲು ತೋರಿಸಿದರು. ಮೀನು ಬಾಯಿ ಹಾಕಿದರೆ ಟಿಕ್ ಎಂದು ಸಣ್ಣದಾಗಿ ತಾಕುತ್ತದೆ, ಆಗ ಎತ್ತಬೇಕು, ತಡ ಮಾಡಿದರೆ ಉಗುಳಿಬಿಡುತ್ತದೆ. "ಬೆರಳಿಗೆ ತಾನ ಗೊತ್ತಾಗ್ತದ," ಎಂದರು.

ಅವಳು ಕೈಗವಸು ತೆಗೆದು ದಾರ ಹಿಡಿದು ನಿಂತಳು. ಪಕ್ಕದಲ್ಲಿ ಅವರಿಗೆ ಮೀನು ಸಿಕ್ಕಿತು, ಬಿಟ್ಟರು. ಇನ್ನೊಂದು ಸಿಕ್ಕಿತು, ಬಿಟ್ಟರು. ಅದೇ ಆಳದಲ್ಲಿದ್ದ ಅವಳ ಜಿಗ್ಗನ್ನು ಮೇಲೆತ್ತಿ ನೋಡಿದರೆ ರಬ್ಬರ್ ಬಾಲ ಗಾಳದಿಂದ ಕೆಳಕ್ಕೆ ಜಾರಿರುತ್ತಿತ್ತು. ಯಾವುದೋ ಬಾಯಿ ಬಂದು ಎಳೆದು ಹೋಗಿತ್ತು. ಮುಂದಿನ ಶನಿವಾರವೂ ಹೀಗೇ ಆಯಿತು. ಗಮನ ಇಲ್ಲಿಲ್ಲೇನು ತಂಗಿ ಎಂದು ಸಿದ್ರಾಮಪ್ಪ ನಕ್ಕಾಗ ಅವಳು ಹೇಳಬೇಕಾಯಿತು.

"ನನ್ನ ಬೆರಳಿಗೆ ಗೊತ್ತಾಗುವುದಿಲ್ಲ ಅಂಕಲ್. ಔಷಧದಿಂದ ಸತ್ತಿವೆ. ಬಿಸಿ ತಂಪು ಕೂಡ ಸರಿಯಾಗಿ ತಿಳಿಯುವುದಿಲ್ಲ."

ಸಿದ್ರಾಮಪ್ಪನ ಮುಖ ಇಳಿದುಹೋಯಿತು. ಅವರು ಅವಳ ಕೈಯಿಂದ ಕೋಲನ್ನು ಮೆಲ್ಲಗೆ ತೆಗೆದುಕೊಂಡು ಕಟ್ಟೆಗೆ ಒರಗಿಸಿದರು. ಅನುಕಂಪ ಬೇಡವೆಂದೇ ಹ್ಯೂಸ್ಟನ್‌ನ ಗೆಳತಿಯರಿಂದ ದೂರ ಬಂದವಳು ಉಷಾ. ಅದು ಇಲ್ಲಿಗೂ ಬಂತಲ್ಲ ಎನಿಸಿತು. ಮರುವಾರ ತಲೆನೋವು ಎಂದು ಫೋನ್ ಮಾಡಿ ಹೇಳಿದಳು.

ಅದಾದ ಮೇಲೆ ಗುರವ್ವ ತಾವೇ ನಡೆದು ಮನೆಗೆ ಬಂದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದರು. ಕೈಯ ವಿಷಯ ಎತ್ತಲೇ ಇಲ್ಲ. ಈ ಮನುಷ್ಯ ನೀರು ನೋಡುತ್ತ ನಿಂತರೆ ತಾನು ಕಾರಿನಲ್ಲಿ ಹೀಟರ್ ಹಾಕಿಕೊಂಡು ಒಬ್ಬಳೇ ಕೂರಬೇಕು. ಒಂದೆರಡು ಸಲ ಜೊತೆ ಸಿಕ್ಕಿದ್ದು ರೂಢಿಯಾಗಿಬಿಟ್ಟಿದೆ ಎಂದರು. "ಮೀನ ಗೀನ ಬ್ಯಾಡ. ನನ್ನ ಕೂಡ ಕುಂಡ್ರಾಕ ಬಾ ಯವ್ವಾ."

ಇದಕ್ಕೆ ಇಲ್ಲ ಎನ್ನಲು ಉಷಾಗೆ ಆಗಲಿಲ್ಲ. ಹೋದಳು. ಆ ದಿನ ಗಾಳಿಯಿರಲಿಲ್ಲ. ಇಬ್ಬರೂ ಕಟ್ಟೆಯ ಮೇಲೆ ಮಡಚುವ ಕುರ್ಚಿ ಹಾಕಿ ಕೂತರು. ಗುರವ್ವ ಕಂಬಳಿ ಹೊದ್ದು ಅವರೆಕಾಳು ಸುಲಿಯುತ್ತ ಮಾತಾಡುತ್ತಿದ್ದರು. ಉಷಾ ಹೂಂಗುಟ್ಟುತ್ತ ಎದುರಿಗೆ ನೋಡುತ್ತಿದ್ದಳು. ನೋಡಲು ಅಲ್ಲಿದ್ದದ್ದು ಸಿದ್ರಾಮಪ್ಪನ ಬೆನ್ನು, ಅವರ ಕೋಲು, ಕೋಲಿನ ತುದಿಯಿಂದ ನೀರಿಗಿಳಿದ ಹಳದಿ ದಾರ. ಜಿಗ್ಗಿನ ತೂಕಕ್ಕೆ ದಾರ ಎಳೆದು ಕಟ್ಟಿದಂತೆ ನೆಟ್ಟಗಿತ್ತು. ನೋಡುತ್ತಿದ್ದಂತೆ ಅದು ಸ್ವಲ್ಪ ಸಡಿಲವಾಯಿತು. ನೀರಿನ ಮೇಲೆ ಸಣ್ಣದೊಂದು ಬಾಗು ಮೂಡಿ, ಮತ್ತೆ ನೆಟ್ಟಗಾಯಿತು. ಸಿದ್ರಾಮಪ್ಪ ಅಲುಗಲಿಲ್ಲ.

ಅವಳು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತಳು. ಸ್ವಲ್ಪ ಹೊತ್ತಿಗೆ ಮತ್ತೆ ಹಾಗೇ ಆಯಿತು. ಮೀನು ತಾಕಿತಾ ಎಂದು ಕೇಳಿದಳು. ಇಲ್ಲ, ಏನೂ ಇಲ್ಲ ಎಂದರು. ಎತ್ತಿ ನೋಡಿದರೆ ಬಾಲ ಜಾರಿತ್ತು.

ಅವರು ಬಾಲ ಸರಿಮಾಡಿ ಮತ್ತೆ ಇಳಿಬಿಟ್ಟರು. ಈ ಸಲ ಉಷಾ ಎದ್ದು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ದಾರ ನೆಟ್ಟಗಿತ್ತು, ನೆಟ್ಟಗೇ ಇತ್ತು, ಆಮೇಲೆ ಒಂದು ಎಳೆಯಷ್ಟು ಸಡಿಲಾಯಿತು.

"ಈಗ ಎತ್ತಿ ಅಂಕಲ್," ಎಂದಳು.

ಅವರಿಗೆ ನಂಬಿಕೆಯಿರಲಿಲ್ಲ, ಆದರೂ ಎತ್ತಿದರು. ಕೋಲು ಬಾಗಿತು. ಬಂದ ಕ್ರ್ಯಾಪಿ ಅವರು ಆ ಚಳಿಗಾಲದಲ್ಲಿ ಹಿಡಿದವುಗಳಲ್ಲೆಲ್ಲ ದೊಡ್ಡದು. ಬಿಡುವ ಮೊದಲು ಅದನ್ನು ಕೈಯಲ್ಲಿ ಹಿಡಿದು ಬಾಯಿಯನ್ನೇ ನೋಡುತ್ತ ನಿಂತರು. ಉಷಾ ಕೂಡ ನೋಡಿದಳು. ಬಾಯಿ ನೋಡುವುದು ಅವಳಿಗೆ ಹೊಸದಲ್ಲವಲ್ಲ. ಕೆಳದವಡೆ ಮುಂದಕ್ಕೆ ಚಾಚಿತ್ತು, ಬಾಯಿ ಮೇಲ್ಮುಖವಾಗಿತ್ತು, ಕಣ್ಣುಗಳು ನೆತ್ತಿಯ ಹತ್ತಿರ. ಇದು ಕೆಳಗಿನಿಂದ ಮೇಲೆ ನೋಡಿ ತಿನ್ನುವ ಮೀನು ಎಂದಳು. ಜಿಗ್ಗನ್ನು ಬಾಯಿಗೆ ತೆಗೆದುಕೊಂಡು ಒಂದಿಷ್ಟು ಮೇಲಕ್ಕೆ ಬರುತ್ತದೆ, ಹಾಗೇ ನಿಲ್ಲುತ್ತದೆ. ತೂಕವನ್ನು ಅದು ಹೊತ್ತುಕೊಂಡಾಗ ದಾರ ಎಳೆಯುವುದಿಲ್ಲ, ಸಡಿಲಾಗುತ್ತದೆ.

ಸಿದ್ರಾಮಪ್ಪ ಮೀನನ್ನು ನೀರಿಗೆ ಬಿಟ್ಟು ಕೈ ಒರೆಸಿಕೊಂಡರು. ಬೇಸಿಗೆಯಲ್ಲಿ ಕಚ್ಚಿ ತಿರುಗಿ ಓಡುತ್ತದೆ, ಹಾಗಾಗಿ ಬೆರಳಿಗೆ ಸಿಗುತ್ತದೆ ಎಂದರು. ಚಳಿಯಲ್ಲಿ ಹೆಚ್ಚಿನವು ಓಡುವುದೇ ಇಲ್ಲ ಎಂದು ತಾವೇ ಹೇಳುತ್ತಿದ್ದರೂ, ಓಡದಿದ್ದರೆ ಬೆರಳಿಗೆ ಏನು ತಾಕೀತು ಎಂದು ಯೋಚಿಸಿರಲಿಲ್ಲ ಎಂದರು. ಅವರಿಗೆ ಎಷ್ಟು ಖುಷಿಯಾಗಿತ್ತೆಂದರೆ, ಅದನ್ನೇ ಗುರವ್ವನಿಗೆ ಮತ್ತೆ ಎರಡು ಸಲ ಹೇಳಿದರು. ಆಮೇಲೆ ಕಟ್ಟೆಗೆ ಒರಗಿದ್ದ ಇನ್ನೊಂದು ಕೋಲನ್ನು ತಂದು ಉಷಾಳ ಕೈಗೆ ಕೊಟ್ಟರು.

ಅವತ್ತು ಅವಳು ಕಣ್ಣಿನಿಂದಲೇ ಮೂರು ಮೀನು ಹಿಡಿದಳು. ಮೊದಲನೆಯದನ್ನು ಬಿಟ್ಟಳು. ಉಳಿದೆರಡನ್ನು ಬಿಡಲು ಮನಸ್ಸಾಗಲಿಲ್ಲ. ಸಂಕೋಚದಿಂದ ಗುರವ್ವನ ಕಡೆ ನೋಡಿದಳು. ತಿನ್ನುವವರು ಹಿಡಿದರೆ ಅದಕ್ಕೊಂದು ಅರ್ಥವಾದರೂ ಇದೆಯಲ್ಲ ಎಂಬಂತೆ ಗುರವ್ವ ತಲೆಯಾಡಿಸಿ, ಮೀನು ಹಾಕಿದ ಡಬ್ಬಿಯನ್ನು ಮಾತ್ರ ಡಿಕ್ಕಿಯಲ್ಲಿ ಇಡಬೇಕೆಂದರು.

ಮನೆಯಲ್ಲಿ ಉಷಾ ಹ್ಯೂಸ್ಟನ್‌ನಿಂದ ಬಂದಾಗಿನಿಂದ ಬಿಚ್ಚದ ಒಂದು ಪೆಟ್ಟಿಗೆ ಬಿಚ್ಚಿದಳು. ಅದರಲ್ಲಿ ಹಲ್ಲು ನೋಡುವಾಗ ಹಾಕಿಕೊಳ್ಳುತ್ತಿದ್ದ, ದೊಡ್ಡದು ಮಾಡಿ ತೋರಿಸುವ ಕನ್ನಡಕವಿತ್ತು. ಅದನ್ನು ಹಾಕಿ, ಅಡುಗೆಮನೆಯ ದೀಪದಡಿ ನಿಂತು, ಚಿಮುಟದಿಂದ ಒಂದೊಂದೇ ಮುಳ್ಳು ತೆಗೆದಳು. ಶ್ರೀಕರ್ ಬಂದು ಬಾಗಿಲಲ್ಲಿ ನಿಂತು, ಪೇಷಂಟ್ ಹೇಗಿದ್ದಾರೆ ಎಂದು ಕೇಳಿದ. ಬಹಳ ದಿನಗಳ ಮೇಲೆ ಅವಳು ಗಟ್ಟಿಯಾಗಿ ನಕ್ಕಳು. ಮೀನಿಗೆ ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ, ಕಾವಲಿಯ ಮೇಲೆ ಹುರಿದಳು. ಊರಿನ ಕಾಣೆ ಮೀನಿನ ರುಚಿ ಬರಲಿಲ್ಲ. ಆದರೂ ಇಬ್ಬರೂ ಒಂದು ಚೂರೂ ಬಿಡಲಿಲ್ಲ.

ಡಲ್ಲಾಸ್‌ನಲ್ಲಿ ಅಮರ್ ಎಂಬ ಹಳೆಯ ಸಹಪಾಠಿಯಿದ್ದ. ಬಡವರಿಗಾಗಿ ನಡೆಯುವ ಒಂದು ಉಚಿತ ದಂತ ಕ್ಲಿನಿಕ್ಕನ್ನು ನೋಡಿಕೊಳ್ಳುತ್ತಿದ್ದ. ಅಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳ ಮೇಲೆ ಕಣ್ಣಿಡಲು ಬಾ ಎಂದು ಕರೆದಾಗಲೆಲ್ಲ ಉಷಾ, ಈ ಕೈ ಇಟ್ಟುಕೊಂಡು ಏನು ಕಲಿಸಲಿ ಎಂದು ತಪ್ಪಿಸಿಕೊಳ್ಳುತ್ತಿದ್ದಳು. ಫೆಬ್ರವರಿಯಲ್ಲಿ ಒಂದು ದಿನ ತಾನೇ ಫೋನ್ ಮಾಡಿ, ಆ ಜಾಗ ಇನ್ನೂ ಖಾಲಿ ಉಂಟಾ ಎಂದು ಕೇಳಿದಳು.

ಮೊದಲ ವಾರ ಕಷ್ಟವಾಯಿತು. ಕೈ ತಾನಾಗಿ ಸೂಜಿಯ ಕಡೆ ಹೋಗುತ್ತಿತ್ತು. ಹಿಂದಕ್ಕೆ ತೆಗೆದು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ಆಮೇಲೆ ಬಾಯಿ ನೋಡುವುದನ್ನು ಬಿಟ್ಟು ಕಲಿಯುವವರ ಮಣಿಕಟ್ಟು ನೋಡತೊಡಗಿದಳು. ಒಂದು ಹುಡುಗಿ ಹಿಂಬದಿಯ ಹಲ್ಲಿನ ಮೇಲೆ ಸೂಜಿ ಹಾಯಿಸುತ್ತ ಮುಂದೆ ಹೋದಳು. ನಡುವೆ ಎಲ್ಲೋ ಅವಳ ಮಣಿಕಟ್ಟು ಕಂಡೂ ಕಾಣದಷ್ಟು ತಡೆದಿತ್ತು. ಹಿಂದೆ ಹೋಗಿ ಅಲ್ಲೇ ಇನ್ನೊಮ್ಮೆ ನೋಡು ಎಂದಳು ಉಷಾ. ಹುಳುಕು ಅಲ್ಲೇ ಇತ್ತು. ನಿಮಗೆ ಹೇಗೆ ತಿಳಿಯಿತು ಎಂದು ಹುಡುಗಿ ಕೇಳಿದಳು. ನಿನ್ನ ಕೈಗೆ ಮೊದಲೇ ತಿಳಿದಿತ್ತು, ನೀನು ಕೇಳಿಸಿಕೊಳ್ಳಲಿಲ್ಲ ಎಂದಳು. ಈಗ ವಾರಕ್ಕೆ ಎರಡು ದಿನ ಅಲ್ಲಿಗೆ ಹೋಗುತ್ತಾಳೆ.

ಮಾರ್ಚ್ ಬಂದು ನೀರು ಬೆಚ್ಚಗಾದ ಮೇಲೆ ದಂಡೆಯಲ್ಲಿ ಜಾತ್ರೆ. ಮೀನುಗಳು ಮೊಟ್ಟೆಯಿಡಲು ಆಳವಿಲ್ಲದ ಕಡೆಗೆ ಬಂದು, ಯಾರು ಏನು ಹಾಕಿದರೂ ಹಾರಿ ಕಚ್ಚತೊಡಗಿದವು. ಆ ಎಳೆತ ಉಷಾಗೂ ಮೊಣಕೈವರೆಗೆ ತಿಳಿಯಿತು. ಆದರೆ ಅದರಲ್ಲಿ ಅವಳಿಗೂ ಸಿದ್ರಾಮಪ್ಪನಿಗೂ ಅಂಥ ಸ್ವಾರಸ್ಯ ಕಾಣಲಿಲ್ಲ. ಎರಡು ವಾರ ಹೋಗಿ, ಕೋಲುಗಳನ್ನು ಗ್ಯಾರೇಜಿಗೆ ಸೇರಿಸಿದರು.

ಈ ಡಿಸೆಂಬರ್‌ನಲ್ಲಿ ರಜೆಗೆ ಬಂದ ಸಾನ್ವಿಯೂ ಕೆರೆಗೆ ಬಂದಿದ್ದಳು. ಅಮ್ಮ ಕನ್ನಡದಲ್ಲಿ ಹೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುತ್ತ, ಸ್ವಲ್ಪ ಹೊತ್ತು ದಾರ ನೋಡಿ, ಇದರಲ್ಲಿ ಏನೂ ಆಗುತ್ತಿಲ್ಲವಲ್ಲ ಎಂದಳು. ಆಗುತ್ತಿಲ್ಲ ಎಂದು ಉಷಾ ಒಪ್ಪಿಕೊಂಡಳು. ಮೋಡ ಕವಿದ ದಿನ. ನೀರು ಹಿಂದಿನ ದಿನಕ್ಕಿಂತ ತಣ್ಣಗಾಗಿತ್ತು. ಬೆಳ್ಳಕ್ಕಿಯೊಂದು ದಂಡೆಯ ಕಲ್ಲಿನ ಮೇಲೆ ಒಂದೇ ಕಾಲಲ್ಲಿ ನಿಂತಿತ್ತು. ಗುರವ್ವ ಸಾನ್ವಿಗೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟರು. ಹುಡುಗಿ ಕುಡಿದು, ಕುರ್ಚಿಯಲ್ಲೇ ಕತ್ತು ವಾಲಿಸಿ ನಿದ್ದೆಹೋದಳು. ಉಷಾ ಸದ್ದಾಗದಂತೆ ಎದ್ದು, ಜಿಗ್ಗನ್ನು ಇನ್ನೊಂದು ಮೊಳ ಆಳಕ್ಕೆ ಬಿಟ್ಟು, ಮತ್ತೆ ನೋಡುತ್ತ ಕೂತಳು.